ಹಾಯಿದೋಣಿ ವಿನ್ಯಾಸ: ಗೆರೆ ಎಳೆಯುವ ಮೊದಲು ತೂಕದ ಪಟ್ಟಿ

ಮಾನ್ಯ ಸಂಪಾದಕರೇ,

ನೌಕಾಪಡೆಯ ‘ತಾರಿಣಿ’ ಹಾಯಿದೋಣಿ ಇಬ್ಬರು ಮಹಿಳಾ ಅಧಿಕಾರಿಗಳೊಡನೆ ಭೂಮಿ ಸುತ್ತಿ 2025ರ ಮೇ ತಿಂಗಳಲ್ಲಿ ಗೋವಾಕ್ಕೆ ಮರಳಿದ ಮೇಲೆ, ತಾವೇ ಒಂದು ಹಾಯಿದೋಣಿ ಕಟ್ಟಿಕೊಳ್ಳಬೇಕೆಂಬ ಹುಮ್ಮಸ್ಸು ನಮ್ಮ ಕರಾವಳಿಯ ತರುಣರಲ್ಲೂ ಕಾಣುತ್ತಿದೆ. ಒಳ್ಳೆಯದೇ. ಆದರೆ ಅವರು ಮುಂದಿಟ್ಟುಕೊಳ್ಳುವ ಮಾದರಿಗಳು ದೊಡ್ಡವು. ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯ ಹೆಸರು ಹೊತ್ತ ನೌಕಾಪಡೆಯ ಇನ್ನೊಂದು ಹಾಯಿದೋಣಿ ‘ಮ್ಹಾದೇಯಿ’ 56 ಅಡಿಯದು. ಮುಂಬೈಯಲ್ಲಿ ತೇಗದಿಂದ ಕಟ್ಟಿ 1964ರಲ್ಲಿ ನೀರಿಗಿಳಿಸಿದ, ಮುಂದೆ ಎಲ್ಲೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿ ಸುತ್ತಿದ ಮೊದಲ ದೋಣಿಯೆಂಬ ಹೆಸರು ಪಡೆದ ‘ಸುಹೇಲಿ’ ಕೂಡ 32 ಅಡಿಯದು. ಕಾರವಾರದಿಂದ ಮಂಗಳೂರಿನವರೆಗೆ ದಡ ಕಾಣುವಷ್ಟು ದೂರದಲ್ಲಿ ಸಾಗಿ, ರಾತ್ರಿ ಯಾವುದಾದರೂ ಅಳಿವೆಯೊಳಗೆ ಲಂಗರು ಹಾಕಿ ಮಲಗುವವರಿಗೆ ಆರು ಮೀಟರ್ ಸಾಕು. ಹಿತ್ತಲ ಚಪ್ಪರದಲ್ಲಿ ಕಟ್ಟಬಹುದು, ಟ್ರೇಲರ್ ಮೇಲೆ ಎಳೆಯಬಹುದು.

ಈ ಅಳತೆಯ ದೋಣಿಯನ್ನು ಸ್ವಂತವಾಗಿ ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಆಕಾರದಿಂದ ಶುರು ಮಾಡುತ್ತಾರೆ. ಚೂಪಾದ ಮೂತಿ, ಅಂದವಾದ ಬಾಗು, ಮೇಲೊಂದು ಕ್ಯಾಬಿನ್. ಆಮೇಲೆ ದೋಣಿ ನೀರಿಗಿಳಿದಾಗ ಬಣ್ಣದ ಗೆರೆ ಕಾಣದಷ್ಟು ಮುಳುಗುತ್ತದೆ. ಹವ್ಯಾಸಿ ದೋಣಿಗಳು ಮುರಿದು ಹಾಳಾಗುವುದು ಕಡಿಮೆ. ಲೆಕ್ಕಕ್ಕಿಂತ ಭಾರವಾಗಿ ಕೆಡುವುದೇ ಹೆಚ್ಚು. ಆದ್ದರಿಂದ ಮೊದಲು ತೂಕದ ಪಟ್ಟಿ ಮಾಡಬೇಕು, ಗೆರೆಗಳು ಅದರ ಹಿಂದೆ ಬರಲಿ ಎಂಬುದೇ ಈ ಪತ್ರದ ವಾದ.

ಒಂದು ಉದಾಹರಣೆ ಹಿಡಿಯೋಣ. ಒಟ್ಟು ಉದ್ದ 6.2 ಮೀಟರ್, ನೀರ್ಗೆರೆಯ (ತೇಲುವಾಗ ನೀರು ಒಡಲನ್ನು ಮುಟ್ಟುವ ಗೆರೆ) ಉದ್ದ 5.6, ನೀರ್ಗೆರೆಯಲ್ಲಿ ಅಗಲ 1.95. ಇಬ್ಬರು ಮಲಗುವ ಪ್ಲೈವುಡ್ ದೋಣಿ. ತಳಕ್ಕೆ 12 ಮಿ.ಮೀ. ಪ್ಲೈ ಸುಮಾರು 8 ಚದರ ಮೀಟರ್. ಬದಿ, ಡೆಕ್, ಕ್ಯಾಬಿನ್, ಅಡ್ಡಗೋಡೆ, ಮಲಗುವ ಹಲಗೆ ಎಲ್ಲಕ್ಕೂ 9 ಮಿ.ಮೀ. ಪ್ಲೈ ಸುಮಾರು 35 ಚದರ ಮೀಟರ್. ಕತ್ತರಿಸಿ ಉಳಿಯುವ ತುಂಡುಗಳನ್ನೂ ಸೇರಿಸಿದರೆ 8 ಅಡಿ × 4 ಅಡಿಯ ಹಾಳೆಗಳು 18 ಬೇಕು. ನಮ್ಮಲ್ಲಿ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನೊಡನೆ ಸಿಗುವ ಮರೀನ್ ಪ್ಲೈ ಘನ ಮೀಟರಿಗೆ 680 ಕಿಲೋ ಆಸುಪಾಸು ತೂಗುತ್ತದೆ. ಅಂದರೆ ದೋಣಿಯಲ್ಲಿ ಉಳಿಯುವ ಪ್ಲೈ ಒಂದೇ 280 ಕಿಲೋ. ಯುರೋಪಿನ ನಕ್ಷೆಗಳು ಹೆಚ್ಚಾಗಿ ಒಕುಮೆ ಎಂಬ ಹಗುರ ಮರದ ಪ್ಲೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಅದು 450ರ ಸುತ್ತಮುತ್ತ. ಅದೇ ದೋಣಿ ಅಲ್ಲಿ 185 ಕಿಲೋ ಪ್ಲೈಯಲ್ಲಿ ಮುಗಿಯುತ್ತದೆ. ದುಡ್ಡು ಕೊಟ್ಟು ತರಿಸಿದ ನಕ್ಷೆಯನ್ನು ಒಂದಿಂಚೂ ಬದಲಿಸದೆ ಕಟ್ಟಿದರೂ ಇಲ್ಲಿ 95 ಕಿಲೋ ತಾನಾಗಿ ಏರುತ್ತದೆ. ಅದರಲ್ಲಿ ಒಳ್ಳೆಯ ಪಾಲು ಡೆಕ್ ಮತ್ತು ಕ್ಯಾಬಿನ್ ಚಾವಣಿಯಲ್ಲಿ, ಅಂದರೆ ಇರಬಾರದ ಎತ್ತರದಲ್ಲಿ.

ಮುಂದಕ್ಕೆ: ಉದ್ದಪಟ್ಟಿ, ತೊಲೆಗಳಿಗೆ ಮರ 70 ಕಿಲೋ. ಎಪಾಕ್ಸಿ (ಗಟ್ಟಿಕಾರಕ ಬೆರೆಸಿ ಬಳಸುವ ರಾಳದಂಟು), ಗಾಜಿನ ಬಟ್ಟೆ (ಫೈಬರ್‌ಗ್ಲಾಸ್) 75. ಬಣ್ಣ 15. ಅಡಿಭಾರ (ದೋಣಿ ಮಗುಚದಂತೆ ತಳದಲ್ಲಿಡುವ ತೂಕ) 350. ಕೂವೆಮರ (ಹಾಯಿ ಕಟ್ಟುವ ಕಂಬ), ತಂತಿ, ಹಾಯಿ 55. ಚುಕ್ಕಾಣಿ, ಉಕ್ಕಿನ ನಡುಹಲಗೆ (ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗೆ ಇಳಿಸುವ, ಬೇಡವಾದಾಗ ಎತ್ತುವ ಹಲಗೆ), ಲೋಹದ ಸಾಮಾನು 60. ನಾಲ್ಕು ಅಶ್ವಶಕ್ತಿಯ ಔಟ್‌ಬೋರ್ಡ್ ಮತ್ತು ಪೆಟ್ರೋಲ್ 35. ಎರಡು ಲಂಗರು, ಹತ್ತು ಮೀಟರ್ ಸರಪಳಿ, ಹಗ್ಗ 35. ಬ್ಯಾಟರಿ, ದೀಪ 25. ಅರವತ್ತು ಲೀಟರ್ ನೀರು, ಒಲೆ, ಅಡುಗೆ ಸಾಮಾನು 85. ಇಬ್ಬರು ಜನ ಮತ್ತು ಅವರ ಚೀಲಗಳು 190. ಲೈಫ್ ಜಾಕೆಟ್, ಉಪಕರಣ, ಬಿಡಿಭಾಗ 30. ಕೂಡಿದರೆ 1,300 ದಾಟುತ್ತದೆ. ಅಡಿಭಾರ ಬಿಟ್ಟು ಕಟ್ಟಿದ ದೋಣಿಯ ತೂಕದ ಮೇಲೆ ಶೇ 10 ಮೀಸಲು ಸೇರಿಸಿ, ಒಟ್ಟು 1,360 ಕಿಲೋ ಎಂದು ಹಿಡಿಯಿರಿ. ಮೀಸಲು ಬೇಡವೆನ್ನುವವರು ಎಪಾಕ್ಸಿ ಎಷ್ಟು ಕುಡಿಯುತ್ತದೆಂದು ಇನ್ನೂ ನೋಡದವರು.

ಹೊಸಬರ ಲೆಕ್ಕ ಸಾಮಾನ್ಯವಾಗಿ ಪ್ಲೈ, ಮರ, ಅಂಟು, ಬಣ್ಣ, ಅಡಿಭಾರ, ಕೂವೆಮರಕ್ಕೆ ನಿಲ್ಲುತ್ತದೆ: 845 ಕಿಲೋ. ಬಿಟ್ಟುಹೋದದ್ದು 515. ಇದರ ಪರಿಣಾಮ ಅಳೆಯುವುದು ಸುಲಭ. ನೀರ್ಗೆರೆಯ ಉದ್ದ, ಅಗಲ ಗುಣಿಸಿ, ತುದಿಗಳು ಕಿರಿದಾಗುವುದಕ್ಕೆ 0.68ರಿಂದ ಗುಣಿಸಿದರೆ ನೀರ್ಮಟ್ಟದ ವಿಸ್ತೀರ್ಣ ಸುಮಾರು 7.4 ಚದರ ಮೀಟರ್. ಸಮುದ್ರದ ನೀರು ಘನ ಮೀಟರಿಗೆ 1,025 ಕಿಲೋ. ಆದ್ದರಿಂದ ಪ್ರತಿ 76 ಕಿಲೋಗೆ ದೋಣಿ ಒಂದು ಸೆಂಟಿಮೀಟರ್ ಇಳಿಯುತ್ತದೆ. 515 ಕಿಲೋಗೆ ಹತ್ತಿರ ಹತ್ತಿರ ಏಳು ಸೆಂ.ಮೀ. ಕಾಗದದ ಮೇಲೆ ಇದು ಅಲ್ಪ. ಆದರೆ ಕುಳಿತುಕೊಳ್ಳುವ ಕಾಕ್‌ಪಿಟ್‌ನ ನೆಲವನ್ನು ನೀರ್ಗೆರೆಯಿಂದ ಹತ್ತು ಸೆಂ.ಮೀ. ಮೇಲಿಟ್ಟಿದ್ದರೆ ಈಗ ಉಳಿದದ್ದು ಮೂರು. ಹಿಂದೆ ಇಬ್ಬರು ಕುಳಿತರೆ ಹೊರಕ್ಕೆ ಹರಿಯಬೇಕಾದ ತೂಬಿನಿಂದ ನೀರು ಒಳಕ್ಕೆ ಬರುತ್ತದೆ. ದೋಣಿಯ ಹಿಂಬದಿ ಹಲಗೆ ನೀರಿನಲ್ಲಿ ಎಳೆದುಕೊಂಡು ವೇಗ ಸಾಯುತ್ತದೆ.

ಒಟ್ಟು ತೂಕ ಗೊತ್ತಾದ ಮೇಲೆ ಒಡಲಿನ ಗೆರೆ. 1,360 ಕಿಲೋ ಎಂದರೆ 1.327 ಘನ ಮೀಟರ್ ನೀರು. ಒಡಲಿನ ತುದಿಗಳು ಎಷ್ಟು ತುಂಬಿರಬೇಕೆಂದು ಹೇಳುವ ಪ್ರಿಸ್ಮ್ಯಾಟಿಕ್ ಅಂಕ ಇಂಥ ದೋಣಿಗೆ 0.54 ಸರಿ. ಆಗ ನಡುವಿನ ಅಡ್ಡಕೊಯ್ತದ ನೀರೊಳಗಿನ ವಿಸ್ತೀರ್ಣ 0.44 ಚದರ ಮೀಟರ್ ಇರಬೇಕು. ನೀರ್ಗೆರೆಯನ್ನು ಹತ್ತು ಸಮಭಾಗ ಮಾಡಿ, 56 ಸೆಂ.ಮೀ.ಗೆ ಒಂದರಂತೆ ಹನ್ನೊಂದು ಅಡ್ಡಕೊಯ್ತ ಬರೆದು, ಪ್ರತಿಯೊಂದರ ನೀರೊಳಗಿನ ವಿಸ್ತೀರ್ಣ ಗ್ರಾಫ್ ಕಾಗದದಲ್ಲಿ ಎಣಿಸಿ. ಅವನ್ನು ಕ್ರಮವಾಗಿ 1, 4, 2, 4, 2 ಹೀಗೆ ಕೊನೆಯ 1ರವರೆಗೆ ಗುಣಿಸಿ ಕೂಡಿಸಿ, 0.56ರಿಂದ ಗುಣಿಸಿ 3ರಿಂದ ಭಾಗಿಸಿದರೆ ಘನಗಾತ್ರ ಸಿಗುತ್ತದೆ. ಪಿಯುಸಿಯಲ್ಲಿ ಕಲಿತ ಸಿಂಪ್ಸನ್ ಸೂತ್ರವೇ. ಬಂದ ಅಂಕಿ 1.327ಕ್ಕೆ ಕೂಡದಿದ್ದರೆ ಗೆರೆ ಬದಲಿಸಬೇಕೇ ಹೊರತು ತೂಕದ ಪಟ್ಟಿಯನ್ನಲ್ಲ. ಹಾಗೆಯೇ ಎಲ್ಲ ತೂಕಗಳ ಕೇಂದ್ರವೂ ತಳ್ಳಿದ ನೀರಿನ ಕೇಂದ್ರವೂ ಮೂತಿಯಿಂದ ಅಳೆದಾಗ ಒಂದೇ ಜಾಗದಲ್ಲಿ ಬೀಳಬೇಕು. ಈ ದೋಣಿಯಲ್ಲಿ ಸುಮಾರು 2.95 ಮೀಟರಿನಲ್ಲಿ. ಇಲ್ಲವಾದರೆ ಲಂಗರು ಹಾಕಿದಾಗಲೂ ಮೂತಿಯೋ ಹಿಂಭಾಗವೋ ತಗ್ಗಿಯೇ ಇರುತ್ತದೆ.

ಡೆಲ್ಫ್ಟ್‌ಶಿಪ್‌ ಎಂಬ ದೋಣಿ ವಿನ್ಯಾಸದ ತಂತ್ರಾಂಶದ ಉಚಿತ ಆವೃತ್ತಿ ಈ ಘನಗಾತ್ರದ ಲೆಕ್ಕವನ್ನೆಲ್ಲ ಕ್ಷಣದಲ್ಲಿ ಮಾಡುತ್ತದೆ, ಪ್ಲೈ ಹಾಳೆಗಳನ್ನು ಚಪ್ಪಟೆಯಾಗಿ ಬಿಡಿಸಿಯೂ ಕೊಡುತ್ತದೆ. ಅಡುಗೆ ಸಾಮಾನಿನ ತೂಕ ಮಾತ್ರ ಅದಕ್ಕೆ ಗೊತ್ತಿಲ್ಲ. ಕಂಪ್ಯೂಟರ್ ಇಲ್ಲದವರಿಗೂ ಒಂದು ದಾರಿಯಿದೆ. ರಟ್ಟಿನಲ್ಲಿ ಹತ್ತನೇ ಒಂದು ಅಳತೆಯ, 62 ಸೆಂ.ಮೀ. ಉದ್ದದ ಮಾದರಿ ಮಾಡಿ, ವಾರ್ನಿಶ್ ಹೊಡೆದು, ಮಾದರಿಯೂ ಸೇರಿ ಒಟ್ಟು 1.33 ಕಿಲೋ ಆಗುವಂತೆ ಮರಳು ತುಂಬಿ ಸಿಹಿನೀರಿನ ತೊಟ್ಟಿಯಲ್ಲಿ ಬಿಡಿ. ಬರೆದ ಗೆರೆಯಲ್ಲಿ ತೇಲಬೇಕು. ಈ ಅಳತೆಯಲ್ಲಿ ತೂಕ ಸಾವಿರದಲ್ಲಿ ಒಂದಾಗುತ್ತದೆ, ಅಷ್ಟೇ. ಐದು ಮಿಲಿಮೀಟರ್ ಹೆಚ್ಚು ಮುಳುಗಿದರೂ ನಿಜದ ದೋಣಿಯಲ್ಲಿ ಅದು ಐದು ಸೆಂ.ಮೀ. ಎಂಬುದು ನೆನಪಿರಲಿ.

ಕ್ಯಾಬಿನ್ ಎತ್ತರಿಸುವ ಆಸೆ ಎಲ್ಲರಿಗೂ ಬರುತ್ತದೆ. ಆರು ಮೀಟರಿನ ದೋಣಿಯೊಳಗೆ ನಿಂತು ಓಡಾಡುವ ಕನಸು ಬಿಡಬೇಕು. ಮಲಗುವ ಹಲಗೆಯ ಮೇಲೆ ಕುಳಿತಾಗ ತಲೆ ತಾಗದಂತೆ 95 ಸೆಂ.ಮೀ., ಹಲಗೆ ಎರಡು ಮೀಟರ್ ಉದ್ದ, ಭುಜದ ಕಡೆ 60 ಸೆಂ.ಮೀ. ಅಗಲ, ಇಷ್ಟಿದ್ದರೆ ಸುಖವಾಗಿ ನಿದ್ದೆ ಬರುತ್ತದೆ. ಇದಕ್ಕಿಂತ ಎತ್ತರಿಸಿದ ಕ್ಯಾಬಿನ್ ಗಾಳಿಗೆ ಎರಡನೆಯ ಹಾಯಿಯಾಗುತ್ತದೆ, ಅದೂ ಇಳಿಸಲಾಗದ ಹಾಯಿ.

ನಮ್ಮ ಕಡಲಿಗೆ ತಕ್ಕ ತಳ ಯಾವುದು? ಇಲ್ಲಿ ರಾತ್ರಿ ತಂಗಬೇಕೆಂದರೆ ಬಹುತೇಕ ಅಳಿವೆ ದಾಟಲೇಬೇಕು. ಹೊನ್ನಾವರ, ಗಂಗೊಳ್ಳಿ, ಕೋಡಿ ಬೆಂಗ್ರೆ ಎಲ್ಲ ಕಡೆಯೂ ಮರಳದಿಣ್ಣೆ ಜಾಗ ಬದಲಿಸುತ್ತಿರುತ್ತದೆ. ಆಳವಾದ ಕೀಲ್ (ತಳದಿಂದ ಕೆಳಕ್ಕೆ ಚಾಚಿದ, ಎತ್ತಲಾಗದ ಭಾಗ) ಇಲ್ಲಿ ಹೊರೆ. ನಡುಹಲಗೆ ಎತ್ತಿದಾಗ 45 ಸೆಂ.ಮೀ., ಇಳಿಸಿದಾಗ 1.2 ಮೀಟರ್ ನೀರು ಬೇಡುವ ದೋಣಿ ಒಳ್ಳೆಯದು. ಅಡಿಭಾರ ಆಗ ಒಡಲಿನ ತಳದಲ್ಲೋ ಗಿಡ್ಡ ಕೀಲಿನಲ್ಲೋ ಕೂರಬೇಕು. 350 ಕಿಲೋ ಸೀಸ 31 ಲೀಟರ್ ಜಾಗ ಹಿಡಿದರೆ ಎರಕದ ಕಬ್ಬಿಣ 49, ಬರಿಯ ಕಾಂಕ್ರೀಟ್ 146 ಲೀಟರ್. ಕಾಂಕ್ರೀಟ್ ಅಗ್ಗವೆಂದು ತುಂಬಿದರೆ ಭಾರ ಮಲಗುವ ಹಲಗೆಯ ಮಟ್ಟಕ್ಕೆ ಏರಿ, ಅಡಿಭಾರದ ಉದ್ದೇಶವೇ ಹೋಗುತ್ತದೆ. ಸೀಸ 327 ಡಿಗ್ರಿಗೆ ಕರಗುತ್ತದೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ತಕ್ಕ ಮಾಸ್ಕ್ ಹಾಕಿ ಎರಕ ಹೊಯ್ಯಬೇಕು. ಅಚ್ಚಿನಲ್ಲಿ ತೇವದ ಪಸೆ ಇದ್ದರೂ ಆವಿ ಸಿಡಿದು ಕರಗಿದ ಸೀಸ ಮುಖಕ್ಕೆ ಹಾರುತ್ತದೆ. ಇಪ್ಪತ್ತು ಕಿಲೋದ ಇಟ್ಟಿಗೆಗಳಾಗಿ ಎರೆದರೆ ಆಮೇಲೆ ಹಿಂದೆ ಮುಂದೆ ಸರಿಸಿ ದೋಣಿಯನ್ನು ಸಮ ಮಾಡಲೂ ಆಗುತ್ತದೆ. ದೋಣಿ ಮಗುಚಿದರೂ ಕದಲದಂತೆ ಅವನ್ನು ಬಿಗಿಯುವುದನ್ನು ಮಾತ್ರ ಮರೆಯಬಾರದು.

ನಡುಹಲಗೆಯ ಪೆಟ್ಟಿಗೆ ಇಂಥ ದೋಣಿಗಳ ಶಾಶ್ವತ ತಲೆನೋವು. ಸೋರುವುದು ಅಲ್ಲಿಂದಲೇ. ಪೆಟ್ಟಿಗೆಯ ಮೇಲಂಚು ಭರ್ತಿ ನೀರ್ಗೆರೆಗಿಂತ ಕನಿಷ್ಠ 15 ಸೆಂ.ಮೀ. ಮೇಲಿರಲಿ. ಒಳಮೈಗೆ ಜೋಡಿಸುವ ಮುನ್ನವೇ ಗಾಜಿನ ಬಟ್ಟೆ, ಎಪಾಕ್ಸಿ ಹಾಕಬೇಕು. ಆಮೇಲೆ ಕೈ ಹೋಗುವುದಿಲ್ಲ. ಹಲಗೆಗೂ ಪೆಟ್ಟಿಗೆಗೂ ಎರಡೂ ಬದಿ ಮೂರು ನಾಲ್ಕು ಮಿ.ಮೀ. ಸಡಿಲ ಇರದಿದ್ದರೆ ಅಳಿವೆಯ ಮರಳು, ಚಿಪ್ಪು ಸಿಕ್ಕಿ ಹಲಗೆ ಕಚ್ಚಿಕೊಳ್ಳುತ್ತದೆ.

ಹಾಯಿ ಎಷ್ಟು? ತಳ್ಳಿದ ನೀರಿನ ಘನಗಾತ್ರದ ಮೂರನೇ ಎರಡು ಘಾತಕ್ಕೆ 16ರಷ್ಟು ಎಂಬುದು ಪ್ರವಾಸಿ ದೋಣಿಗಳ ರೂಢಿ. ನಮ್ಮ ಲೆಕ್ಕದಲ್ಲಿ 19 ಚದರ ಮೀಟರ್. ಬೆಳಗಿನ ಮೂಡುಗಾಳಿ ನವಿರು, ಮಧ್ಯಾಹ್ನದ ಪಡುಗಾಳಿ ಗಟ್ಟಿ. ಎರಡಕ್ಕೂ ಒಂದೇ ಹಾಯಿ ಸಾಲದು, ಗಾಳಿ ಬಲಿತಾಗ ಕಿರಿದು ಮಾಡಲು ದೊಡ್ಡ ಹಾಯಿಯಲ್ಲಿ ಎರಡು ಸಾಲು ಮಡಿಕೆ ಕಟ್ಟುವ ಅನುಕೂಲ ಹೊಲಿಸುವಾಗಲೇ ಮಾಡಿಸಬೇಕು. ವೇಗದ ಆಸೆಗೆ ಹಾಯಿ ಹಿಗ್ಗಿಸಿ ಫಲವಿಲ್ಲ: 5.6 ಮೀಟರ್ ನೀರ್ಗೆರೆಯ ಭಾರದ ದೋಣಿ 5.75 ನಾಟ್, ಎಂದರೆ ಗಂಟೆಗೆ ಹತ್ತೂವರೆ ಕಿಲೋಮೀಟರ್ ಮುಟ್ಟುವಷ್ಟರಲ್ಲಿ ತಾನೆಬ್ಬಿಸಿದ ಅಲೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ.

ಹಾಯಿಯನ್ನು ಎಲ್ಲಿ ನಿಲ್ಲಿಸುವುದೆಂಬುದು ಎಷ್ಟು ಎಂಬುದಕ್ಕಿಂತ ಮುಖ್ಯ. ನೀರೊಳಗಿನ ಬದಿನೋಟವನ್ನು ನಡುಹಲಗೆ ಇಳಿಸಿದ ಸ್ಥಿತಿಯಲ್ಲಿ ರಟ್ಟಿನಲ್ಲಿ ಕತ್ತರಿಸಿ ಸೂಜಿಯ ಮೇಲೆ ತೂಗಿಸಿ. ನಿಲ್ಲುವ ಬಿಂದು ನೀರಿನ ತಡೆಯ ಕೇಂದ್ರ. ಹಾಯಿಗಳದ್ದೂ ಹಾಗೆಯೇ. ಹಾಯಿಯ ಬಿಂದು ನೀರಿನ ಬಿಂದುವಿಗಿಂತ ನೀರ್ಗೆರೆಯ ಶೇ 5ರಿಂದ 15ರಷ್ಟು, ಈ ದೋಣಿಗೆ ಅಂದಾಜು 55 ಸೆಂ.ಮೀ., ಮುಂದಿರಬೇಕು. ದೋಣಿ ವಾಲಿದಾಗ ಹಾಯಿಯ ಒತ್ತಡ ಹೊರಕ್ಕೆ ಸರಿದು ಮೂತಿಯನ್ನು ಗಾಳಿಯ ಕಡೆ ತಿರುಗಿಸುತ್ತದೆ, ಅದಕ್ಕೇ ಈ ಮುಂಗಡ. ಎರಡನ್ನೂ ಒಂದೇ ಗೆರೆಯಲ್ಲಿಟ್ಟವರು ಇಡೀ ದಿನ ಚುಕ್ಕಾಣಿಯ ಹಿಡಿಯೊಡನೆ ಜಗ್ಗಾಡುತ್ತಾರೆ. ತಿರುಗಿಸಿ ಹಿಡಿದ ಚುಕ್ಕಾಣಿ ಬ್ರೇಕಿನ ಕೆಲಸವನ್ನೂ ಮಾಡುತ್ತದೆ. ನೀರಿಗಿಳಿದ ಮೇಲೂ ಪರಿಹಾರವಿದೆ: ನಡುಹಲಗೆಯನ್ನು ಅರ್ಧ ಹಿಂದಕ್ಕೆ ಎತ್ತುವುದು, ಕೂವೆಮರದ ಓರೆಯನ್ನು ಮುಂದಕ್ಕೆ ತರುವುದು.

ಕೂವೆಮರ ಬುಡದಲ್ಲಿ ಕೀಲಿಟ್ಟು ಮಡಚುವಂತಿರಲಿ. ಶರಾವತಿಯಲ್ಲಾಗಲಿ ಕಾಳಿಯಲ್ಲಾಗಲಿ ಒಳಕ್ಕೆ ಹೋಗುವವರಿಗೆ ಸೇತುವೆ, ವಿದ್ಯುತ್ ತಂತಿ ತಪ್ಪಿದ್ದಲ್ಲ. ಟ್ರೇಲರ್‌ನಿಂದ ಇಳಿಸುವ ಜಾಗದಲ್ಲಿ ತಲೆಯ ಮೇಲೆ ತಂತಿ ಇದೆಯೇ ನೋಡದೆ ಅಲ್ಯೂಮಿನಿಯಂ ಕೂವೆ ಎತ್ತುವುದು ಜೀವಕ್ಕೇ ಅಪಾಯ.

ಇನ್ನು ಸಾಮಗ್ರಿ. ಐಎಸ್ 710 ಪ್ಲೈ ನಮ್ಮಲ್ಲಿ ಹೆಚ್ಚಾಗಿ ಅಡುಗೆಮನೆಯ ಕಪಾಟಿಗೆ ಹೋಗುವುದರಿಂದ ಒಳಪದರದ ಸಂದುಗಳನ್ನು ಅಂಗಡಿಯವರು ಲೆಕ್ಕಿಸುವುದಿಲ್ಲ. ದೋಣಿಯಲ್ಲಿ ಅದೇ ಸಂದಿನೊಳಗೆ ನೀರು ಹರಿದು ಒಂದು ಮೂಲೆಯ ಸೋರಿಕೆ ಇನ್ನೊಂದು ಮೂಲೆಯನ್ನು ಕೊಳೆಸುತ್ತದೆ. ಒಂದು ಹಾಳೆ ಕೊಂಡು, ಉದ್ದಕ್ಕೂ ಅಡ್ಡಕ್ಕೂ ಕೊಯ್ದು ಅಂಚು ನೋಡಿ. ಅಂಗೈಯಗಲದ ತುಂಡನ್ನು ದಿನವಿಡೀ ಕುದಿಸಿ ಒಣಗಿಸಿ, ಪದರದ ನಡುವೆ ಉಳಿ ಹಾಕಿ ಸೀಳಿ. ಮರ ಹರಿಯಬೇಕು, ಅಂಟು ಬಿಡಬಾರದು. ಪಾಸಾದ ಮೇಲೆ ಉಳಿದ ಹದಿನೇಳನ್ನು ಅದೇ ಲಾಟಿನಿಂದ ತನ್ನಿ.

ಅಂಟಿನ ವಿಷಯದಲ್ಲಿ ಬಡಗಿಯ ಸಲಹೆ ಕೇಳಬೇಡಿ. ಡಬ್ಬದ ಮೇಲೆ ‘ಮರೀನ್’ ಎಂದಿದ್ದರೂ ಬಿಳಿ ಅಂಟು ಸದಾ ನೀರಲ್ಲಿರುವ ಜೋಡಣೆಗಲ್ಲ. ಮೀನುಗಾರಿಕೆ ದೋಣಿಗಳಿಗೆ ಬಳಸುವ ಪಾಲಿಯೆಸ್ಟರ್ ರಾಳ ಅಚ್ಚಿನಲ್ಲಿ ಎರೆದ ಫೈಬರ್ ಒಡಲಿಗೆ ಸೊಗಸು, ಮರದಿಂದ ಮಾತ್ರ ಕೆಲವು ವರ್ಷಗಳಲ್ಲಿ ಸುಲಿದು ಬರುತ್ತದೆ. ಎಪಾಕ್ಸಿಯೇ ಬೇಕು. 9 ಮಿ.ಮೀ. ಪ್ಲೈ ಹಾಳೆಗಳನ್ನು ಉದ್ದಕ್ಕೆ ಕೂಡಿಸಲು ಒಂದಕ್ಕೆ ಎಂಟರಂತೆ 72 ಮಿ.ಮೀ. ಓರೆ ಹೊಡೆಯಿರಿ. ಅಂಚುಗಳನ್ನು ಹತ್ತು ಹದಿನೈದು ಸೆಂ.ಮೀ.ಗೊಂದು ತಾಮ್ರದ ತಂತಿಯಿಂದ ಹೊಲಿದು, ಒಳಮೂಲೆಗೆ ಎಪಾಕ್ಸಿ ಮತ್ತು ಮರದ ಹುಡಿಯ ಲೇಪ ಇಪ್ಪತ್ತು ಇಪ್ಪತ್ತೈದು ಮಿ.ಮೀ. ದುಂಡಿಗೆ ತುಂಬಿ, ಅದು ಪೂರ್ತಿ ಗಟ್ಟಿಯಾಗುವ ಮುನ್ನವೇ ಮೇಲೆ ಎರಡು ಪದರ ಗಾಜಿನ ಪಟ್ಟಿ ಹಾಕಬೇಕು. ಗಟ್ಟಿಕಾರಕವನ್ನು ಕಣ್ಣಂದಾಜಿನಲ್ಲಿ ಹೆಚ್ಚಿಸಿದರೆ ಬೇಗ ಒಣಗುವುದಿಲ್ಲ, ಎಂದೆಂದೂ ಮೆತ್ತಗೇ ಉಳಿಯುತ್ತದೆ, ತಕ್ಕಡಿ ಬಳಸಿ. ನಮ್ಮ 32 ಡಿಗ್ರಿ ಸೆಖೆಯಲ್ಲಿ ಒಂದು ಸಲಕ್ಕೆ ಇನ್ನೂರು ಗ್ರಾಂಗಿಂತ ಹೆಚ್ಚು ಕಲಸಿದರೆ ಡಬ್ಬದಲ್ಲೇ ಕಾದು ಹೊಗೆಯಾಡುತ್ತದೆ. ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಬರಿಯ ಮರಕ್ಕೆ ಮೊದಲ ಲೇಪ ಸಂಜೆ, ಮರ ತಣಿಯುತ್ತಿರುವಾಗ ಕೊಡಿ. ಬೆಳಿಗ್ಗೆ ಕೊಟ್ಟರೆ ಬಿಸಿಯೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯೇಳುತ್ತದೆ. ತೇವದ ಹವೆಯಲ್ಲಿ ಮೇಲ್ಮೈಗೆ ಮೇಣದಂಥ ಜಿಡ್ಡು ಬರುವುದುಂಟು. ಅದನ್ನು ನೀರು ಹಾಕಿ ಉಜ್ಜಿ ತೊಳೆದ ನಂತರವೇ ಮರಳುಕಾಗದ, ಇಲ್ಲವಾದರೆ ಮುಂದಿನ ಪದರ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಅಂಟಿನ ಕೆಲಸ ನಿಲ್ಲಿಸಿ ಮರ ಕೊಯ್ಯುವುದು, ಲೋಹದ ಕೆಲಸ ಮಾಡಿಕೊಳ್ಳುವುದು ಮೇಲು.

ಲೋಹದಲ್ಲಿ ಮೋಸ ಹೆಚ್ಚು. ಗೇಟು ಮಾಡುವ ಅಂಗಡಿಯ ಸ್ಟೇನ್‌ಲೆಸ್ ಎಷ್ಟೋ ಸಲ 202 ದರ್ಜೆಯದು; ಉಪ್ಪುಗಾಳಿಗೆ ಒಂದು ಮಳೆಗಾಲದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಡೆಕ್ ಮೇಲೆ 316 ದರ್ಜೆಯದು, ನೀರೊಳಗೆ ಕಂಚು. ಹಿತ್ತಾಳೆ ಬೇಡ, ಸಮುದ್ರದ ನೀರಲ್ಲಿ ಅದರ ಸತು ಕರಗಿ ಹೋಗಿ ತಿರುಪು ಬೆರಳಲ್ಲೇ ಮುರಿಯುತ್ತದೆ.

ಅಡಿಭಾರದ ದೋಣಿಗೆ ನೀರು ತುಂಬಿದರೆ ಮುಳುಗುತ್ತದೆ. ಪ್ಲೈ ಸ್ವತಃ ತೇಲುವುದನ್ನು ಲೆಕ್ಕಕ್ಕೆ ಹಿಡಿದರೂ ಈ ದೋಣಿಗೆ ಸುಮಾರು 450 ಲೀಟರ್ ಮುಚ್ಚಿದ ಕಣಗಳ ಫೋಮ್ ಬೇಕು, ಅದರ ಬಹುಪಾಲು ಬದಿಗಳ ಮೇಲ್ಭಾಗದಲ್ಲಿ. ತಳದಲ್ಲಿ ತುಂಬಿದರೆ ದೋಣಿ ಮಗುಚಿಕೊಂಡೇ ತೇಲುತ್ತದೆ. ಥರ್ಮಾಕೋಲ್ ಪೆಟ್ರೋಲ್ ತಾಗಿದರೆ ಕರಗುವ ವಸ್ತು, ಬೇಡ.

ಕೊನೆಯ ಪರೀಕ್ಷೆ ಬಂದರಿನ ಶಾಂತ ನೀರಿನಲ್ಲಿ. ಸಾಮಾನೆಲ್ಲ ತುಂಬಿ, ಕ್ಯಾಬಿನ್‌ನೊಳಗೆ ಒಂದೂವರೆ ಮೀಟರ್ ತೂಗುದಾರ ಕಟ್ಟಿ, 70 ಕಿಲೋ ತೂಗುವ ಒಬ್ಬರನ್ನು ನಡುಗೆರೆಯಿಂದ 90 ಸೆಂ.ಮೀ. ಬದಿಗೆ ಸರಿಸಿ. ಗುಂಡು ಎಂಟು ಸೆಂ.ಮೀ. ಸರಿದರೆ 63ನ್ನು (70 × 0.9) 1,360 ಮತ್ತು 0.053ರ (8 ÷ 150) ಗುಣಲಬ್ಧದಿಂದ ಭಾಗಿಸಿ: 0.87 ಮೀಟರ್. ಇದು ಮೆಟಾಸೆಂಟ್ರಿಕ್ ಎತ್ತರ, ವಾಲಲು ಶುರುವಾದಾಗ ದೋಣಿ ತೋರುವ ಮೊದಲ ಬಿಗಿತದ ಅಳತೆ. ಗುಂಡು ಹನ್ನೆರಡು ಸೆಂ.ಮೀ. ಸರಿದರೆ ಎತ್ತರ 0.6ಕ್ಕೆ ಇಳಿಯಿತೆಂದು ಅರ್ಥ. ಹಾಯಿ ಕಡಿಮೆ ಮಾಡಬೇಕು, ಇಲ್ಲವೇ ಮೇಲಿನ ಭಾರ ಇಳಿಸಬೇಕು. ಪೂರ್ತಿ ವಾಲಿದ ದೋಣಿ ಎದ್ದೇಳುವುದೇ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಅದಕ್ಕೆ ಶಾಂತ ನೀರಿನಲ್ಲೇ, ಒಳಗೆ ಯಾರೂ ಇಲ್ಲದೆ, ಸಾಮಾನು ಇಳಿಸಿ, ಕೂವೆಯ ತುದಿಗೆ ಹಗ್ಗ ಕಟ್ಟಿ ನೀರಿಗೆ ತಾಗುವವರೆಗೆ ಎಳೆದು ಬಿಟ್ಟು ನೋಡಬೇಕು.

ತಮ್ಮಲ್ಲಿ ಒಂದು ಕೋರಿಕೆ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ‘ಡೈಲಿ ಮಿರರ್’ ಪತ್ರಿಕೆ ದೋಣಿ ವಿನ್ಯಾಸಕ ಜಾಕ್ ಹೋಲ್ಟ್, ಟಿವಿಯಲ್ಲಿ ಮನೆ ದುರಸ್ತಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಜೊತೆ ಸೇರಿ ಮನೆಯಲ್ಲೇ ಪ್ಲೈ ಹೊಲಿದು ಕಟ್ಟುವ 3.3 ಮೀಟರಿನ ‘ಮಿರರ್’ ದೋಣಿಯನ್ನು ಹೊರತಂದಿತು. ಅದರ ಕೆಂಪು ಹಾಯಿ ಪತ್ರಿಕೆಯ ಬಣ್ಣ. ಎಪ್ಪತ್ತು ಸಾವಿರಕ್ಕೂ ಹೆಚ್ಚು ದೋಣಿಗಳು ಆದವು. ಅದರ ಸಂದುಗಳಿಗೆ ಆಗ ಪಾಲಿಯೆಸ್ಟರ್ ಪಟ್ಟಿಯೇ ಇತ್ತು ಎನ್ನುವವರಿಗೆ ಉತ್ತರ: ಅದು ಸಂಜೆ ದಡಕ್ಕೆಳೆದು ಒಣಗಿಸುವ ದೋಣಿ, ಲಂಗರು ಹಾಕಿ ತಿಂಗಳುಗಟ್ಟಲೆ ನೀರಿನಲ್ಲಿ ಬಿಡುವುದಲ್ಲ. ತಮ್ಮ ಭಾನುವಾರದ ಪುರವಣಿಯಲ್ಲೂ ಅಂಥದೊಂದು ಚಿಕ್ಕ ನಕ್ಷೆಗೆ ಜಾಗ ಸಿಗಲಿ. ಪ್ರಕಟಿಸುವಾಗ ಚೆಂದದ ಬಣ್ಣದ ಚಿತ್ರಕ್ಕಿಂತ ಹನ್ನೊಂದು ಅಡ್ಡಕೊಯ್ತಗಳ ಅಳತೆಯನ್ನು ಮಿಲಿಮೀಟರಿನಲ್ಲಿ, ತೂಕದ ಪಟ್ಟಿಯನ್ನು ಐಎಸ್ 710 ಪ್ಲೈ ಲೆಕ್ಕದಲ್ಲಿ ಅಚ್ಚು ಹಾಕಿ.

ಇತಿ,
ಹವ್ಯಾಸಿ ದೋಣಿ ವಿನ್ಯಾಸಕ
ಕುಂದಾಪುರ